11ರ (ಮೇಲಿನ ಬಲ ಮುಂದಿನ ಹಲ್ಲು) ಇಂಪ್ಲಾಂಟ್ (ಎಲುಬಿನಲ್ಲಿ ಕೂರಿಸೋ ಕೃತಕ ಬೇರು): ವಸಡು ಬೂದು ಕಾಣ್ತಿದೆ, ಮೇಲೂ ಹೋಗಿದೆ. ಏನು ಮಾಡಲಿ?

ಸಾಗರದ ದಂತವೈದ್ಯ:
ಮೂರು ಸಲ ಕ್ರೌನ್ (ಮೇಲಿನ ಹಲ್ಲಿನ ಟೋಪಿ) ಬದಲಾಯಿಸಿ ಸಾಕಾಗಿದೆ. ಬಿಳಿ ಸೆರಾಮಿಕ್, ಝಿರ್ಕೋನಿಯಾನೇ ಹಾಕಿದ್ದು. ಆದರೂ ವಸಡಿನ ಅಂಚು ಬೂದು, ಪಕ್ಕದ ಹಲ್ಲು 21ಕ್ಕಿಂತ 1 ಮಿ.ಮೀ. ಮೇಲೆ. ಪಕ್ಕದಲ್ಲಿ ಹಲ್ಲುಗಳ ನಡುವೆ ವಸಡು ತುಂಬದೆ ಕಪ್ಪು ತ್ರಿಕೋನ ಬೇರೆ. ಅಡಿಕೆ ದೋಟಿ ಜಾರಿ ಬಾಯಿಗೆ ಬಡಿದು ಹಲ್ಲು ಕಳಕೊಂಡವರು, ಈಗಲೂ ಕೈ ಅಡ್ಡ ಹಿಡಿದೇ ನಗ್ತಾರೆ. ನೋಡಿದಾಗೆಲ್ಲ ಸಂಕಟ ಆಗುತ್ತೆ.

ತೀರ್ಥಹಳ್ಳಿ ಲ್ಯಾಬ್:
ಶೇಡ್ (ಹಲ್ಲಿನ ಬಣ್ಣ) ಯಾವಾಗ ತಗೊಂಡ್ರಿ? ಬಾಯಿ ತೆರೆದಿಟ್ಟು ಹಲ್ಲು ಒಣಗಿದ್ರೆ ಬಿಳಿಚಿಕೊಂಡು ಕಾಣುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಕಿಟಕಿ ಬೆಳಕನ್ನೂ ನಂಬೋ ಹಾಗಿಲ್ಲ. ಎಲೆ-ಅಡಿಕೆ ಹಾಕ್ತಾರಾ? ಹಾಗಾದ್ರೆ ಮೊದಲು ಕ್ಲೀನಿಂಗ್.

ಸಾಗರದ ದಂತವೈದ್ಯ:
ಶೇಡ್ ಸರಿ ಇದೆ ಸರ್. ತೊಂದರೆ ವಸಡಲ್ಲಿ.

ತೀರ್ಥಹಳ್ಳಿ ಲ್ಯಾಬ್:
ಆದರೂ ಶೇಡ್ ಟ್ಯಾಬ್ (ಬಣ್ಣದ ಮಾದರಿ) ಇಟ್ಟು ಫೋಟೋ ಹಾಕಿ. ಚೀಟಿಲಿ ಎ3 ಅಂತಷ್ಟೇ ಬರೆದು ಕಳಿಸಿದ್ರೆ ಲ್ಯಾಬ್‌ನವರು ಏನು ಮಾಡ್ಬೇಕು?

ಶಿವಮೊಗ್ಗ ಪೆರಿಯೊ (ವಸಡಿನ ತಜ್ಞ):
ಶೇಡ್ ಬಿಡಿ. ಅಬಟ್‌ಮೆಂಟ್ (ಇಂಪ್ಲಾಂಟಿಗೆ ಕ್ರೌನ್ ಜೋಡಿಸೋ ತುಂಡು) ಯಾವುದು? ಹಲ್ಲು ಕಿತ್ತ ದಿನವೇ ಇಂಪ್ಲಾಂಟ್ ಹಾಕಿದ್ರಾ? ವಸಡಿನೊಳಗೆ ಇಟ್ಟ ಪ್ರೋಬ್ (ಅಳೆಯೋ ಕಡ್ಡಿ) ಹೊರಗಿಂದ ಕಾಣುತ್ತಾ?

ಸಾಗರದ ದಂತವೈದ್ಯ:
ಸ್ಟಾಕ್ (ರೆಡಿಮೇಡ್) ಟೈಟಾನಿಯಂ. ಕಿತ್ತ ದಿನವೇ. ಪ್ರೋಬ್ ಕಾಣುತ್ತೆ.

ಶಿವಮೊಗ್ಗ ಪೆರಿಯೊ:
ಇದನ್ನೇ ಮೊದಲು ಹೇಳಬೇಕಿತ್ತು! ತೆಳು ವಸಡು. 2 ಮಿ.ಮೀ. ದಪ್ಪ ಇಲ್ಲದಿದ್ರೆ ಲೋಹದ ನೆರಳು ಹೊರಗೆ ಬೀಳುತ್ತೆ, ಮೇಲಿನ ಕ್ರೌನ್ ಎಷ್ಟು ಸಲ ಬದಲಾಯಿಸಿದ್ರೂ ಅಷ್ಟೇ. ಹಲ್ಲು ಕಿತ್ತ ಮೇಲೆ ತುಟಿ ಕಡೆಯ ತೆಳು ಎಲುಬು ಕರಗುತ್ತೆ, ಇಂಪ್ಲಾಂಟ್ ಅದನ್ನ ತಡೆಯಲ್ಲ. ಇಂಪ್ಲಾಂಟ್ ತುಟಿ ಕಡೆ ವಾಲಿದ್ರಂತೂ ವಸಡು ಮೇಲೆ ಹೋಗೋದೇ. ಸಿಬಿಸಿಟಿ (ಎಲುಬಿನ ತ್ರೀಡಿ ಎಕ್ಸರೇ) ಮಾಡಿಸಿ. ಇಂಪ್ಲಾಂಟಿನ ಜಾಗ ಸರಿ ಇದ್ರೆ ಕ್ರೌನ್ ತೆಗೆದು ತಾತ್ಕಾಲಿಕ ಕ್ರೌನ್ ಹಾಕಿ, ಅದರ ಕತ್ತಿನ (ವಸಡಿನ ಅಂಚಿನ) ಹತ್ತಿರ ತುಟಿ ಕಡೆ ಉಬ್ಬು ಇದ್ರೆ ತಗ್ಗಿಸಿ. ಆ ಉಬ್ಬೇ ವಸಡನ್ನ ಮೇಲೆ ತಳ್ಳೋದು. ಆಮೇಲೆ ಅಂಗುಳಿನಿಂದ ಕನೆಕ್ಟಿವ್ ಟಿಶ್ಯೂ ಗ್ರಾಫ್ಟ್ (ವಸಡು ದಪ್ಪ ಮಾಡೋ ಕಸಿ), ಝಿರ್ಕೋನಿಯಾ ಅಬಟ್‌ಮೆಂಟ್. ತ್ರಿಕೋನದ ಮಾತು ಬೇರೆ: ಪಕ್ಕದ ಹಲ್ಲಿನ ಎಲುಬಿನ ತುದಿಯಿಂದ ಹಲ್ಲುಗಳು ತಾಗೋ ಕಾಂಟ್ಯಾಕ್ಟ್‌ಗೆ 5 ಮಿ.ಮೀ. ಒಳಗಿದ್ರೆ ಪ್ಯಾಪಿಲ್ಲಾ (ಹಲ್ಲುಗಳ ನಡುವಿನ ವಸಡು) ತುಂಬುತ್ತೆ. 7 ಆಗಿದ್ರೆ ಕಾಯಬೇಡಿ, ಕಾಂಟ್ಯಾಕ್ಟನ್ನೇ ವಸಡಿನ ಕಡೆ ಉದ್ದ ಮಾಡಿಸಿ.

ಹೊಸನಗರ ಕ್ಲಿನಿಕ್:
ನಾನು ಈಗ ಇಂಟ್ರಾಓರಲ್ ಸ್ಕ್ಯಾನರ್ (ಬಾಯೊಳಗೆ ಅಳತೆ ತೆಗೆಯೋದು), ತ್ರೀಡಿ ಪ್ರಿಂಟರ್ ಎರಡೂ ತಗೊಂಡಿದೀನಿ. ತಾತ್ಕಾಲಿಕ ಕ್ರೌನ್ ಅರ್ಧ ದಿನದಲ್ಲಿ ರೆಡಿ. ಕರೆಂಟ್ ಹೋದ್ರೂ ನಿಲ್ಲದ ಹಾಗೆ ಇನ್ವರ್ಟರ್ ದೊಡ್ಡದು ಹಾಕಿಸಿದೆ.

ತೀರ್ಥಹಳ್ಳಿ ಲ್ಯಾಬ್:
ಸ್ಕ್ಯಾನರ್ ಇದ್ರೂ, ತಾತ್ಕಾಲಿಕ ಕ್ರೌನ್ ಬಿಚ್ಚಿದ ತಕ್ಷಣ ವಸಡು ಕುಸಿಯುತ್ತೆ. ಆ ಕ್ರೌನಿನ ಆಕಾರವನ್ನೇ, ಅಳತೆ ತೆಗೆಯಲು ಇಂಪ್ಲಾಂಟಿಗೆ ಸಿಕ್ಕಿಸೋ ಕೋಪಿಂಗ್‌ಗೆ ಇಳಿಸಿ ಅಳತೆ ಕೊಡಿ.

ಸಾಗರದ ದಂತವೈದ್ಯ:
ಸಿಬಿಸಿಟಿಗೆ ಶಿವಮೊಗ್ಗಕ್ಕೆ ಕಳಿಸ್ತೀನಿ. ಅಡಿಕೆ ಕೊನೆಕೊಯ್ಲು ಮುಗಿಯೋವರೆಗೆ ಅವರು ತೋಟ ಬಿಟ್ಟು ಬರಲ್ಲ.

ಶಿವಮೊಗ್ಗ ಪೆರಿಯೊ:
ಕ್ರೌನ್ ಸ್ಕ್ರೂದಾ, ಸಿಮೆಂಟಾ?

ಸಾಗರದ ದಂತವೈದ್ಯ:
ಸಿಮೆಂಟ್.

ಶಿವಮೊಗ್ಗ ಪೆರಿಯೊ:
ಹಾಗಾದ್ರೆ ಕೊಯ್ಲಿನ ತನಕ ಕಾಯಬೇಡಿ. ವಸಡಿನೊಳಗೆ ಸಿಮೆಂಟ್ ಉಳಿದಿದ್ಯಾ ಅಂತ ಈ ವಾರವೇ ಕರೆಸಿ ನೋಡಿ. ಒತ್ತಿದ್ರೆ ರಕ್ತ ಬರುತ್ತಾ?