ಈಸ್ಟರ್ ವಾರಕ್ಕೆ ಸ್ಪೇನ್‌ನಲ್ಲಿ ಯಾವ ಊರು? ಹೋಗಿ ಬಂದವರು ಹೇಳಿ

ಮ್ಯಾಡ್ರಿಡ್‌ಗೆ ಹೊಸಬ: 2027ರ ಈಸ್ಟರ್ ಮಾರ್ಚ್ 28ಕ್ಕೆ. ಅಮ್ಮ ಹಾಸನದಿಂದ ಬರುತ್ತಾರೆ. ಮಂಡಿನೋವು, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ. ಸೆವಿಲ್, ಝಮೋರಾ, ಕಲಾಂಡಾ, ಮೂರರಲ್ಲಿ ಯಾವುದು? ನಾವು ಸಸ್ಯಾಹಾರಿಗಳು.

ಒದ್ದೆ ಕೊಡೆ: ಸೆವಿಲ್ ಅಂದರೆ ಈಗಲೂ ಹೊಟ್ಟೆ ಉರಿಯುತ್ತದೆ. 2024. ಎಂಟು ತಿಂಗಳ ಮೊದಲೇ ರೂಮ್ ಮಾಡಿದ್ದೆ. ಬೇರೆ ದಿನ 80 ಯೂರೋ ಇರುವ ರೂಮು ಆ ವಾರ 245. ಮೂರು ರಾತ್ರಿಗೆ 735, ರದ್ದು ಮಾಡಿದರೆ ಒಂದು ಕಾಸೂ ವಾಪಸ್ ಇಲ್ಲ. ರೈಲಿಗೆ ಇಬ್ಬರಿಗೆ 212. ಎಲ್ಲಾ ಮದ್ರುಗಾಕ್ಕೋಸ್ಕರ, ಅಂದರೆ ಗುರುವಾರ ರಾತ್ರಿಯಿಡೀ ವಿಗ್ರಹ ಹೊತ್ತು ನಡೆಯೋ ಮೆರವಣಿಗೆ. ಮಳೆ ಶುರುವಾಯ್ತು. ವಿಗ್ರಹ ಹೊರುವ ಆರು ಭಕ್ತ ಸಂಘಗಳಲ್ಲಿ ಒಂದೂ ಹೊರಡಲಿಲ್ಲ. ಹಳೇ ಮರದ ವಿಗ್ರಹ, ಕಸೂತಿ ಬಟ್ಟೆ, ನೆನೆಸೋ ಹಾಗಿಲ್ಲವಲ್ಲ. ಮಕರೇನಾ ಚರ್ಚಿನ ಮುಂದೆ ಗಡ್ಡದ ಗಂಡಸರು ಗಳಗಳ ಅತ್ತರು. ನಾನು 735 ನೆನೆಸಿಕೊಂಡು ಅತ್ತೆ.

ಮೌನವ್ರತಿ: ಸೆವಿಲ್ ಬರೀ ಜಾತ್ರೆ ರೀ. ಝಮೋರಾಕ್ಕೆ ಹೋಗಿ. ಬುಧವಾರ ಸಂಜೆ ಕೆಥೆಡ್ರಲ್ ಮುಂದೆ ಮೌನದ ಪ್ರಮಾಣ ಮಾಡುತ್ತಾರೆ. ಬಿಳಿ ಅಂಗಿ, ಕೆಂಪು ಟೊಪ್ಪಿಯ ಸಾಲು ಸಾಲು ಜನ, ಒಂದು ಕೆಮ್ಮೂ ಇಲ್ಲ. ನಡುರಾತ್ರಿ ಇನ್ನೊಂದು ಸಂಘ. ನಮ್ಮ ಕಂಬಳಿಯಂಥ ಕಂದು ನಿಲುವಂಗಿ, ಕೈಯಲ್ಲಿ ಕಂದೀಲು. ಶುಕ್ರವಾರ ಬೆಳಗಿನ ಜಾವ 5ಕ್ಕೆ ಮತ್ತೆ ಮೆರವಣಿಗೆ, ನಡುವೆ ನಿಂತು ಬಿಸಿ ಬೆಳ್ಳುಳ್ಳಿ ಸೂಪು. ಚಳಿಗೆ ಥರ್ಮಲ್ 46 ಯೂರೋ, ಕೈಗವಸು 18, ಆಮೇಲೆ ಜ್ವರದ ಮಾತ್ರೆಗೆ 23. ಒಂದು ಸೆಂಟೂ ದಂಡ ಅನ್ನಿಸಲಿಲ್ಲ.

ಒದ್ದೆ ಕೊಡೆ: ಜಾತ್ರೆ ಅಂದರೆ ಕೀಳಾ? 2025ರಲ್ಲಿ ಹಟಕ್ಕೆ ಬಿದ್ದು ಮತ್ತೆ ಹೋದೆ. ಹ್ವಾನ್ ದೆ ಮೆಸಾ 1620ರಲ್ಲಿ ಕೆತ್ತಿದ ಕ್ರಿಸ್ತನ ವಿಗ್ರಹ ಕತ್ತಲಲ್ಲಿ ಬರುವಾಗ ಅಲ್ಲೂ ಪಿಟ್ ಅನ್ನಲ್ಲ. ಬಾಲ್ಕನಿಯಿಂದ ಸಾಯೆತಾ ಅನ್ನೋ ಭಕ್ತಿಯ ಹಾಡು ಎದ್ದರೆ ವಿಗ್ರಹದ ಮಂಟಪವೇ ನಿಲ್ಲುತ್ತದೆ. ಮಂಟಪದಡಿ ಕತ್ತಿನ ಮೇಲೆ ಹೊತ್ತವರ ಕಾಲಷ್ಟೇ ಕಾಣೋದು. ಮೇಣ ಬಿದ್ದು ಜಾಕೆಟ್ ಹಾಳಾಯ್ತು, ಡ್ರೈಕ್ಲೀನಿಂಗ್‌ಗೆ 14 ಯೂರೋ, ಕಲೆ ಹಾಗೇ ಇದೆ. ನಿಮಗೆ ಬಂದಿದ್ದು ಜ್ವರ, ಭಕ್ತಿ ಅಲ್ಲ.

ತಮಟೆ ಮಾಮ: ಇಬ್ಬರೂ ಸುಮ್ನಿರಿ. ಕಲಾಂಡಾ. ಶುಕ್ರವಾರ ಮಧ್ಯಾಹ್ನ 12ಕ್ಕೆ ಚೌಕದ ತುಂಬ ನೇರಳೆ ಅಂಗಿ. ಒಂದೇ ಏಟಿಗೆ ಎಲ್ಲಾ ಡ್ರಮ್ಮು. ಶನಿವಾರ ಮಧ್ಯಾಹ್ನ 2ರ ತನಕ. ಸಿನಿಮಾ ನಿರ್ದೇಶಕ ಬುನ್ಯುಯೆಲ್ ಹುಟ್ಟಿದ ಊರು, ಅವನ ಚಿತ್ರಗಳಲ್ಲೂ ಈ ಸದ್ದಿದೆ. 165 ಯೂರೋಗೆ ತಂಬೋರ್ ಅನ್ನೋ ಡ್ರಮ್ಮು ಕೊಂಡು, ಗೆಳೆಯನ ಅಂಗಿ ತೊಟ್ಟು ನಾನೂ ಬಾರಿಸಿದೆ. ಮೂರು ಗಂಟೆಯಲ್ಲಿ ಬೆರಳಿನ ಚರ್ಮ ಕಿತ್ತು ಬಂತು. ಎರಡು ದಿನ ಅನ್ನ ಕಲಸೋಕಾಗದೆ ಸ್ಪೂನಿನಲ್ಲಿ ತಿಂದೆ. ತಂಬೋರ್ ಈಗ ಬೀರುವಿನ ಮೇಲಿದೆ, ಹೆಂಡತಿ ಇಳಿಸೋಕೆ ಬಿಡಲ್ಲ.

ಈಹರ್ ಅಳಿಯ: ಕಲಾಂಡಾಕ್ಕೆ ಬುನ್ಯುಯೆಲ್ ಹೆಸರಿದೆ ಅಷ್ಟೇ. ಹತ್ತಿರದ ನಮ್ಮ ಈಹರ್‌ನಲ್ಲಿ ಗುರುವಾರ ನಡುರಾತ್ರಿಗೇ ಶುರು. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಸ್ಪೇನಿನ ಹಲವು ಊರುಗಳ ತಂಬೋರ್ ಆಚರಣೆ, ಒಂದು ಕಲಾಂಡಾದ್ದಲ್ಲ.

ತಮಟೆ ಮಾಮ: ಅಳಿಯಂದಿರೇ, ಮಾವನ ಮನೆ ಊಟದ ಋಣ ಇಲ್ಲಿ ತೀರಿಸಬೇಡಿ.

ಕುಡ್ಲದವಳು: ಎಲ್ಲರೂ ಸಿನಿಮಾಕ್ಕೆ ಮಾರ್ಕು ಕೊಟ್ಟ ಹಾಗೆ ಮಾತಾಡ್ತಿದ್ದೀರಿ. ಚೂಪು ಟೊಪ್ಪಿ ಹಾಕೋದು ಪ್ರಾಯಶ್ಚಿತ್ತ ಮಾಡುವವರ ಮುಖ ಕಾಣದಿರಲಿ ಅಂತ, ಫೋಟೋಕ್ಕಲ್ಲ. ನಾನು ಮೂರ್ಸಿಯಾಕ್ಕೆ ಹೋಗಿದ್ದೆ. ಅಲ್ಲಿ ಮೆರವಣಿಗೆಯವರು ಅಂಗಿಯ ಹೊಟ್ಟೆಭಾಗದಲ್ಲಿ ಮಿಠಾಯಿ, ಬೇಯಿಸಿದ ಮೊಟ್ಟೆ ತುಂಬಿಕೊಂಡು ಹಂಚುತ್ತಾರೆ. ನನ್ನ ಮಗನಿಗೆ ಹನ್ನೊಂದು ಮೊಟ್ಟೆ ಸಿಕ್ಕಿತು.

ಮೌನವ್ರತಿ: ಕೇಳಿದವರು ಸಸ್ಯಾಹಾರಿಗಳು ಮೇಡಂ.

ಕುಡ್ಲದವಳು: ಬೆಳ್ಳುಳ್ಳಿ ಸೂಪಿಗೆ ಕೆಲವರು ಹಂದಿ ಚೂರು ಹಾಕ್ತಾರಲ್ಲ ಸರ್, ಕೇಳಿ ಕುಡಿದ್ರಾ?

ಮೌನವ್ರತಿ: …ಬ್ರೆಡ್ ಅಂದುಕೊಂಡಿದ್ದೆ.

ಒದ್ದೆ ಕೊಡೆ: 😂 ಸೆವಿಲ್‌ನಲ್ಲಿ ಪಾಲಕ್-ಕಡಲೆ ಪಲ್ಯ ಸಿಗುತ್ತೆ. ಮೇಲೆ ಟೊರಿಹಾ.

ಈಹರ್ ಅಳಿಯ: ಟೊರಿಹಾದಲ್ಲೂ ಮೊಟ್ಟೆ ಇದೆ. ನಮ್ಮ ಬಾಂಬೆ ಟೋಸ್ಟೇ ಅದು.

ಒದ್ದೆ ಕೊಡೆ: ಬಾಂಬೆ ಟೋಸ್ಟಾ! ಜೇನಲ್ಲಿ ಅದ್ದಿದ್ದು ತಿಂದು ನೋಡಿ ಮಾತಾಡಿ.

ಮ್ಯಾಡ್ರಿಡ್‌ಗೆ ಹೊಸಬ: ಅಮ್ಮನಿಗೆ ಕೂರೋಕೆ ಕುರ್ಚಿ ಸಿಗುತ್ತಾ?

ಒದ್ದೆ ಕೊಡೆ: ಸೆವಿಲ್‌ನ ಮುಖ್ಯ ದಾರಿಯ ಕುರ್ಚಿಗಳು ಬಹುಪಾಲು ವರ್ಷವರ್ಷವೂ ಅದೇ ಮನೆಯವರ ಹೆಸರಲ್ಲಿರುತ್ತವೆ. ಮಡಚುವ ಸ್ಟೂಲು ತಗೊಳ್ಳಿ ಅಂದರೆ ಪೊಲೀಸರು ಎಬ್ಬಿಸುತ್ತಾರೆ, ನನ್ನ 19 ಯೂರೋ ಸ್ಟೂಲು ಹಾಗೇ ಇದೆ. ಬೇಕಾದರೆ 12ಕ್ಕೆ ಕೊಡ್ತೀನಿ.