ವಿದೇಶಿ ಗ್ರಾಹಕರು ಇಂಗಾಲದ ಲೆಕ್ಕ ಕೇಳಿದ್ದಾರೆ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ದಾವಣಗೆರೆ): ನಮ್ಮದು ವಿದ್ಯಾನಗರದ ಬಾಡಿಗೆ ಕಟ್ಟಡದಲ್ಲಿರುವ, ನಲವತ್ತು ಜನರ ಸಾಫ್ಟ್‌ವೇರ್ ಕಂಪನಿ. ಯುರೋಪಿನ ಗ್ರಾಹಕರೊಬ್ಬರು ಒಪ್ಪಂದ ನವೀಕರಿಸುವ ಮುನ್ನ ನಮ್ಮ ಇಂಗಾಲ ಹೊರಸೂಸುವಿಕೆಯ ಲೆಕ್ಕವನ್ನೂ 2030ರ ಗುರಿಯನ್ನೂ ಕೇಳಿದ್ದಾರೆ. ಒಂದಷ್ಟು ಕಾರ್ಬನ್ ಕ್ರೆಡಿಟ್ (ಬೇರೆಡೆ ಆದ ಇಂಗಾಲ ಕಡಿತಕ್ಕೆ ಕೊಡುವ, ಮಾರಬಹುದಾದ ಪ್ರಮಾಣಪತ್ರ) ಕೊಂಡು ‘ಕಾರ್ಬನ್ ನ್ಯೂಟ್ರಲ್’ ಎಂದು ಬರೆದುಕೊಟ್ಟರೆ ಸಾಕೇ?

ಉತ್ತರ (ಚಿತ್ರದುರ್ಗ): ಸಾಲದು ಸರ್. ಇಲ್ಲಿನ ಸಣ್ಣ ಐಟಿ ಕಚೇರಿಯೊಂದಕ್ಕೆ ಇಂಥದೇ ವರದಿ ಸಿದ್ಧಪಡಿಸಿದ ಅನುಭವದಿಂದ ಹೇಳುವುದಾದರೆ, ಕ್ರೆಡಿಟ್‌ಗಳ ಮಾತೆತ್ತುವ ಮೊದಲು ಒಂದು ವರ್ಷದ ವಿದ್ಯುತ್ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಮಾನದಂಡವಾದ ಜಿಎಚ್‌ಜಿ ಪ್ರೋಟೋಕಾಲ್ ಹೊರಸೂಸುವಿಕೆಯನ್ನು ಮೂರು ಸ್ಕೋಪ್‌ಗಳಾಗಿ (ವ್ಯಾಪ್ತಿಗಳಾಗಿ) ವಿಂಗಡಿಸುತ್ತದೆ: ನಾವೇ ಸುಡುವ ಇಂಧನ, ನಮ್ಮಲ್ಲೇ ಸೋರುವ ಎಸಿ ಗ್ಯಾಸ್ ಮೊದಲನೆಯದು, ಕೊಂಡ ವಿದ್ಯುತ್ತು ಎರಡನೆಯದು, ಲ್ಯಾಪ್‌ಟಾಪ್ ತಯಾರಿಕೆ, ಕ್ಲೌಡ್ ಸರ್ವರ್, ವಿಮಾನಯಾನ, ನೌಕರರ ಓಡಾಟ ಮುಂತಾಗಿ ನಮ್ಮ ಸಲುವಾಗಿ ಬೇರೆಡೆ ಆಗುವುದೆಲ್ಲ ಮೂರನೆಯದು.

ಎರಡನೆಯದರ ಲೆಕ್ಕ ಸುಲಭ. ಬೆಸ್ಕಾಂ ಬಿಲ್ಲಿನಲ್ಲಿ ರೂಪಾಯಿಯನ್ನು ಬಿಟ್ಟು ಯೂನಿಟ್‌ಗಳನ್ನಷ್ಟೇ ಬರೆದುಕೊಳ್ಳಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಅಂಕಿಗಳ ಪ್ರಕಾರ ನಮ್ಮ ಗ್ರಿಡ್‌ನ ಪ್ರತಿ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತಿಂಗಳಿಗೆ 4,000 ಯೂನಿಟ್ ಬಳಸುವ ಕಚೇರಿಗೆ ಅದು ವರ್ಷಕ್ಕೆ 34 ಟನ್ನಿನ ಆಸುಪಾಸು ಆಗುತ್ತದೆ. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಮಾಳಿಗೆ ಹತ್ತಿದರೆ ಕಾಣಿಸುತ್ತವಾದ್ದರಿಂದ, ‘ನಮ್ಮದು ಗಾಳಿ ವಿದ್ಯುತ್ತು, ಹೊರಸೂಸುವಿಕೆ ಸೊನ್ನೆ ಎಂದು ಬರೆಯಬಹುದಲ್ಲ’ ಎಂದು ಆ ಕಚೇರಿಯ ಪಾಲುದಾರರೊಬ್ಬರು ಕೇಳಿದ್ದರು. ಹಾಗೆ ಬರೆಯಲು ಬರುವುದಿಲ್ಲ. ಅಲ್ಲಿ ಹುಟ್ಟಿದ ವಿದ್ಯುತ್ತು ಗ್ರಿಡ್ ಸೇರಿದ ಮೇಲೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳ ವಿದ್ಯುತ್ತಿನೊಡನೆ ಬೆರೆತುಹೋಗುತ್ತದೆ. ಖರೀದಿ ಒಪ್ಪಂದವೋ ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರವೋ ಕೈಯಲ್ಲಿದ್ದರೆ ಮಾತ್ರ ಅದನ್ನು ನಮ್ಮ ಪಾಲಿಗೆ ತೋರಿಸಬಹುದು. ಆಗಲೂ ಗ್ರಿಡ್ ಸರಾಸರಿಯ ಅಂಕಿಯನ್ನು ಪಕ್ಕದಲ್ಲೇ ನಮೂದಿಸಬೇಕು.

ಮೂರನೆಯದರಲ್ಲಿ ಲ್ಯಾಪ್‌ಟಾಪ್‌ಗಳಿಂದ ಆರಂಭಿಸಿ. ಒಂದು ಲ್ಯಾಪ್‌ಟಾಪ್‌ನ ಇಡೀ ಆಯುಷ್ಯದ ಹೊರಸೂಸುವಿಕೆಯಲ್ಲಿ ಬಹುಪಾಲು ಅದು ನಮ್ಮ ಕೈಗೆ ಬರುವ ಮುನ್ನವೇ, ತಯಾರಿಕೆಯ ಹಂತದಲ್ಲೇ ಆಗಿಹೋಗಿರುತ್ತದೆ. ಆದ್ದರಿಂದ ಬ್ಯಾಟರಿ ಬದಲಿಸಿ, ಮೆಮೊರಿ ಹೆಚ್ಚಿಸಿ, ಮೂರು ವರ್ಷಕ್ಕೆ ಬದಲಾಯಿಸುತ್ತಿದ್ದ ಯಂತ್ರವನ್ನು ಐದು ವರ್ಷ ಬಳಸುವುದು ನನ್ನ ದೃಷ್ಟಿಯಲ್ಲಿ ಸಣ್ಣ ಕಂಪನಿಗೆ ಎಲ್ಲಕ್ಕಿಂತ ಅಗ್ಗದ ಕಡಿತ.

ಉತ್ತರ (ದಾವಣಗೆರೆ, ಲೆಕ್ಕಪತ್ರ ನೋಡುವವರು): ಮೊದಲ ಸ್ಕೋಪ್ ಬಗ್ಗೆ ಒಂದೆರಡು ಮಾತು. ಜನರೇಟರ್‌ನಲ್ಲಿ ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಬಂಕಿನ ರಸೀದಿಯ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿ, ವರ್ಷಾಂತ್ಯಕ್ಕೆ ಫೈಲ್ ತೆರೆದರೆ ಲೀಟರ್ ಎಷ್ಟೆಂದು ಓದಲಾಗುವುದಿಲ್ಲ; ಆದ್ದರಿಂದ ಜನರೇಟರ್ ಪಕ್ಕದಲ್ಲೇ ಒಂದು ಪುಸ್ತಕವಿಟ್ಟು ದಿನಾಂಕ, ಹಾಕಿದ ಲೀಟರ್, ಓಡಿದ ಗಂಟೆಗಳನ್ನು ಅಂದಂದೇ ಬರೆಸಿ. ಬಹಳ ಜನ ಎಸಿಯ ಗ್ಯಾಸನ್ನು ಮರೆಯುತ್ತಾರೆ. ಎಸಿಗಳಲ್ಲಿ ತುಂಬುವ ಆರ್-410ಎ ಎಂಬ ಗ್ಯಾಸ್ ಒಂದು ಕಿಲೋ ಸೋರಿದರೆ ಅದು ಎರಡು ಟನ್ ಇಂಗಾಲದ ಡೈಆಕ್ಸೈಡ್‌ಗೆ, ಅಂದರೆ ಏಳುನೂರು ಲೀಟರಿಗೂ ಹೆಚ್ಚು ಡೀಸೆಲ್ ಸುಟ್ಟದ್ದಕ್ಕೆ ಸಮ. ಗ್ಯಾಸ್ ತುಂಬಲು ಬರುವ ಮೆಕ್ಯಾನಿಕ್ ಬಿಲ್ಲಿನಲ್ಲಿ ಎಷ್ಟು ಕಿಲೋ ಹಾಕಿದರೆಂದು ಬರೆಯುವಂತೆ ನೋಡಿಕೊಳ್ಳಿ.

ಉತ್ತರ (ದಾವಣಗೆರೆ ಮೂಲ, ಈಗ ಬೆಂಗಳೂರಿನ ಐಟಿ ಕಂಪನಿಯ ಪರಿಸರ ವಿಭಾಗದಲ್ಲಿ): ಗುರಿಯ ವಿಷಯದಲ್ಲಿ ದೊಡ್ಡ ಕಂಪನಿಗಳ ಅನುಭವವನ್ನು ಗಮನಿಸಿ. ಹೊರಸೂಸುವುದಕ್ಕಿಂತ ಹೆಚ್ಚು ಇಂಗಾಲವನ್ನು 2030ರೊಳಗೆ ಹಿಂತೆಗೆಯುವುದಾಗಿ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಘೋಷಿಸಿತು. ಆದರೆ 2023ರ ಹೊತ್ತಿಗೆ ಅದರ ಒಟ್ಟು ಹೊರಸೂಸುವಿಕೆ 2020ಕ್ಕಿಂತ ಸುಮಾರು ಶೇ 29ರಷ್ಟು ಏರಿತ್ತು. ಹೊಸ ಡೇಟಾ ಸೆಂಟರ್‌ಗಳ ಉಕ್ಕು, ಕಾಂಕ್ರೀಟ್, ಚಿಪ್‌ಗಳು ಮುಖ್ಯ ಕಾರಣ, ಅಂದರೆ ಎಲ್ಲವೂ ಮೂರನೆಯ ಸ್ಕೋಪ್. ಗೂಗಲ್‌ನ 2023ರ ಅಂಕಿಯೂ 2019ಕ್ಕಿಂತ ಶೇ 48ರಷ್ಟು ಹೆಚ್ಚಿತ್ತು. ಇವೆರಡೂ ತಮ್ಮ ವರದಿಯಲ್ಲೇ ಏರಿಕೆಯನ್ನು ಪ್ರಕಟಿಸಿದ್ದನ್ನು ನಾನು ಗೌರವಿಸುತ್ತೇನೆ. ನೀವೂ ಗುರಿಯನ್ನು ತಲಾ ನೌಕರನಿಗೆ ಇಷ್ಟು ಎಂದು ಇಡದೆ ಒಟ್ಟು ಟನ್‌ಗಳಲ್ಲೇ ಇಡಿ, ಇಲ್ಲವಾದರೆ ಕಂಪನಿ ಬೆಳೆದಂತೆ ಹೊರಸೂಸುವಿಕೆ ಏರಿದರೂ ವರದಿಯಲ್ಲಿ ಇಳಿದಂತೆಯೇ ಕಾಣುತ್ತದೆ.

ಕಾರ್ಬನ್ ನ್ಯೂಟ್ರಲ್ ಮತ್ತು ನೆಟ್ ಝೀರೋ ಒಂದೇ ಅಲ್ಲ. ಮೊದಲನೆಯದನ್ನು ಕ್ರೆಡಿಟ್ ಕೊಂಡು ಹೇಳಿಕೊಳ್ಳಬಹುದು. ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸುವ ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್ ಸಂಸ್ಥೆಯ ಮಾನದಂಡದಲ್ಲಿ ನೆಟ್ ಝೀರೋ ಎನ್ನಬೇಕಾದರೆ ಸುಮಾರು ಶೇ 90ರಷ್ಟನ್ನು ನಿಜವಾಗಿಯೇ ಕಡಿತ ಮಾಡಿರಬೇಕು, ಮಧ್ಯದ ಗುರಿಗಳಿಗೂ ಕ್ರೆಡಿಟ್‌ಗಳು ಲೆಕ್ಕಕ್ಕೆ ಬರುವುದಿಲ್ಲ. ಭೂಮಿಯ ತಾಪ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಹಾದಿಗೆ ಆ ಸಂಸ್ಥೆ ಮೊದಲೆರಡು ಸ್ಕೋಪ್‌ಗಳಲ್ಲಿ ಕೇಳುವುದು ಆಧಾರ ವರ್ಷದ (ಹೋಲಿಕೆಗೆ ಆರಿಸಿಕೊಂಡ ಆರಂಭದ ವರ್ಷದ) ಪ್ರಮಾಣದಲ್ಲಿ ವರ್ಷಕ್ಕೆ ಕನಿಷ್ಠ ಶೇ 4.2ರ ಇಳಿಕೆ. ಸಣ್ಣ ಕಂಪನಿಗಳಿಗೆ ಅಲ್ಲಿ ಪ್ರತ್ಯೇಕ, ಸರಳವಾದ ದಾರಿಯೂ ಇದೆ.

ನಿಮಗೆ ಇದು ಅಸಾಧ್ಯವಲ್ಲ. ನಮ್ಮ ಸೀಮೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಸೌರ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಹಾಗಾಗಿ ಮಾಳಿಗೆಯ ಮೇಲಿನ ಹತ್ತು ಕಿಲೋವ್ಯಾಟ್ ವರ್ಷಕ್ಕೆ ಹತ್ತು ಟನ್ನಿನಷ್ಟನ್ನು ತಗ್ಗಿಸಬಲ್ಲದು. ಬಾಡಿಗೆ ಕಟ್ಟಡಗಳಲ್ಲಿ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿರುವುದರಿಂದ ಅವರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಗ್ರಾಹಕರಿಗೆ ಈಗ ಕಳುಹಿಸುವ ಪತ್ರದಲ್ಲಿ ಆಧಾರ ವರ್ಷ, ಮೊದಲೆರಡು ಸ್ಕೋಪ್‌ಗಳ ಪೂರ್ಣ ಲೆಕ್ಕ, ಮೂರನೆಯದರಲ್ಲಿ ಇನ್ನೂ ಯಾವುದನ್ನು ಎಣಿಸಿಲ್ಲ ಮತ್ತು ಯಾವಾಗ ಎಣಿಸುವಿರಿ ಎಂಬುದು ಸ್ಪಷ್ಟವಾಗಿರಲಿ.