ಓದುಗರ ಸ್ಪಂದನ: ನೂರರವರೆಗೆ ಎಣಿಸುತ್ತಾನೆ, ಏಳು ಚಮಚ ತರಲು ಬರಲ್ಲ

ಕಳೆದ ವಾರದ ಸಮಸ್ಯೆ: ಮಗನಿಗೆ ಐದೂವರೆ ವರ್ಷ, ಇಂಗ್ಲಿಷ್ ಮೀಡಿಯಂ ಯುಕೆಜಿ. ಒಂದರಿಂದ ನೂರರವರೆಗೆ ಗಡಗಡ ಹೇಳುತ್ತಾನೆ. ಏಳು ಚಮಚ ತಾ ಅಂದರೆ ಕೈಗೆ ಸಿಕ್ಕಷ್ಟು ತರುತ್ತಾನೆ. ಎಬಿಸಿಡಿ ಎಲ್ಲ ಗೊತ್ತು, ಪದ ಓದಲು ಬರಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಸಿ ಅನ್ನುತ್ತಾರೆ ಶಾಲೆಯವರು. ನಾನು ಆಫೀಸಿನಿಂದ ಬರುವಾಗಲೇ ಏಳು ಗಂಟೆ. ಪುಸ್ತಕ ತೆಗೆದರೆ ಅಳು. ಹಗಲೆಲ್ಲ ಅವನ ಜೊತೆ ಇರುವುದು ನಮ್ಮತ್ತೆ. ಅವರಿಗೆ ಕನ್ನಡ ಮಾತ್ರ ಬರುತ್ತದೆ. ಏನು ಮಾಡಲಿ?
— ಒಬ್ಬ ತಾಯಿ, ತುಮಕೂರು

* * *

ನಿಮ್ಮತ್ತೆಗೆ ಕನ್ನಡ "ಮಾತ್ರ" ಬರುತ್ತದೆ ಎಂದು ಬರೆದಿದ್ದೀರಿ. ಆ "ಮಾತ್ರ" ತೆಗೆದುಬಿಡಿ ಅಮ್ಮಾ. ಅರ್ಧ ಪರಿಹಾರ ನಿಮ್ಮ ಮನೆಯಲ್ಲೇ ಇದೆ.

ನಾನು ಸರ್ಕಾರಿ ಶಾಲೆಯಲ್ಲಿ ವರ್ಷಗಟ್ಟಲೆ ನಲಿಕಲಿ ಮಾಡಿದವಳು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ, ಆಡುತ್ತಾ ನಲಿಯುತ್ತಾ ಕಲಿಯುವ ಪದ್ಧತಿ ಅದು. ಅಲ್ಲಿ 49 ಅಕ್ಷರವನ್ನೂ ಸಾಲಾಗಿ ಬಾಯಿಪಾಠ ಮಾಡಿಸಿ, ಆಮೇಲೆ ಪದಕ್ಕೆ ಬರುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಐದೇ. ಅಷ್ಟರಲ್ಲೇ ಎಷ್ಟು ಪದ ನೋಡಿ: ಸರ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತು ಬೇಡ. "ಗರಗಸ" ಅಂತ ತಾನೇ ಓದಿದ ಮಗುವಿನ ಮುಖ ನೋಡಬೇಕು ನೀವು.

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ಸ, ರ ಸೇರಿಸಿ ಹೇಳಿದರೆ ಸರ. ಇಂಗ್ಲಿಷಿನಲ್ಲಿ ಬಿ, ಎ, ಟಿ ಅಂತ ಎಷ್ಟು ಬೇಗ ಹೇಳಿದರೂ ಬ್ಯಾಟ್ ಆಗಲ್ಲ, ಅಲ್ವಾ? ಹುಡುಗ ಸಿಕ್ಕಿಹಾಕಿಕೊಂಡಿರುವುದು ಅಲ್ಲೇ ಇರಬೇಕು. ಸದ್ದು ಕೂಡಿಸಿದರೆ ಪದ ಆಗುತ್ತದೆ ಅನ್ನುವ ಗುಟ್ಟು ಕನ್ನಡದಲ್ಲಿ ಒಮ್ಮೆ ಹೊಳೆಯಲಿ. ಇಂಗ್ಲಿಷ್ ಓದುವಾಗಲೂ ಅದು ಕೈ ಹಿಡಿಯುತ್ತದೆ.

ಹಳೇ ಮದುವೆ ಪತ್ರಿಕೆ ಕತ್ತರಿಸಿ, ಹಿಂದೆ ಒಂದೊಂದು ಅಕ್ಷರ ದಪ್ಪಗೆ ಬರೆಯಿರಿ. ರ ಮತ್ತು ಸ ಎರಡೆರಡು ಇರಲಿ. ಗರಗಸಕ್ಕೆ ಇನ್ನೊಂದು ಗ ಬೇಕು. ಅತ್ತೆ ಸೊಪ್ಪು ಬಿಡಿಸುವಾಗ ಅವನು ಪಕ್ಕದಲ್ಲಿ ಕೂತು ಪದ ಜೋಡಿಸಲಿ. ಹತ್ತು ನಿಮಿಷ ಸಾಕು. ಅವನು ಎದ್ದು ಓಡಿದರೆ ಆಟ ಮುಗಿಯಿತು ಅಂತ ಅರ್ಥ. ಹಿಂದೆ ಹೋಗಿ ಕರೆಯಬೇಡಿ.
— ನಿವೃತ್ತ ಶಿಕ್ಷಕಿ, ಹುಣಸೂರು

* * *

ನೂರರವರೆಗೆ ಹೇಳುವುದು ಎಣಿಕೆ ಅಲ್ಲ, ಹಾಡು. ನನ್ನ ಮೊಮ್ಮಗಳೂ ಹಾಗೇ ಇದ್ದಳು. ಐದು ಹುಣಸೆ ಬೀಜ ಮುಟ್ಟಿ ಮುಟ್ಟಿ ಎಣಿಸಿದಳು. "ಹಾಗಾದರೆ ಎಷ್ಟಿವೆ ಪುಟ್ಟಿ?" ಅಂದೆ. ಮತ್ತೆ ಒಂದರಿಂದ ಶುರು ಮಾಡಿದಳು! ಕೊನೆಗೆ ಹೇಳಿದ ಸಂಖ್ಯೆಯೇ ಉತ್ತರ ಅಂತ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ನಿಮ್ಮ ಮಗನನ್ನೂ ಹೀಗೇ ಕೇಳಿ ನೋಡಿ. ಅವನೂ ಮತ್ತೆ ಒಂದರಿಂದ ಶುರು ಮಾಡಿದರೆ, ಏಳು ಚಮಚ ಬಿಡಿ, ಮೂರರಿಂದ ಹಿಡಿಯಿರಿ.

ನಾನು ಮಾಡಿದ್ದು ಒಂದೇ, ಚೌಕಾಬಾರ ಮಣೆ ತೆಗೆದೆ. 25 ಮನೆ, 4 ಕವಡೆ. ಎರಡು ಅಂಗಾತ ಬಿದ್ದರೆ ಎರಡು, ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಹದಿನೈದು ದಿನದಲ್ಲಿ ಕವಡೆಯನ್ನು ಎಣಿಸುವುದೇ ಬಿಟ್ಟಳು. ನೋಡಿದ ಕೂಡಲೇ "ಮೂರು" ಅನ್ನುತ್ತಿದ್ದಳು. ಕಾಯಿ ನಡೆಸುವಾಗ ಮಾತ್ರ ಒಂದು ತಪ್ಪು ಬಹಳ ದಿನ ಇತ್ತು. ಕಾಯಿ ನಿಂತಿದ್ದ ಮನೆಯನ್ನೇ "ಒಂದು" ಅಂತ ಎಣಿಸುತ್ತಿದ್ದಳು. ನಾನು ತಿದ್ದಲಿಲ್ಲ. ಒಂದು ದಿನ ನಾನೂ ಹಾಗೇ ನಡೆಸಿದೆ. "ಅಜ್ಜೀ, ಮೋಸ!" ಅಂತ ಕಿರುಚಿದಳು.

ಅತ್ತೆ ಜೊತೆ ಎಣಿಕೆ ಕನ್ನಡದಲ್ಲೇ ನಡೆಯಲಿ. ಥರ್ಟೀನ್, ಥರ್ಟಿ ಮಕ್ಕಳಿಗೆ ಒಂದೇ ಥರ ಕೇಳಿಸುತ್ತವೆ. ಹದಿಮೂರು, ಮೂವತ್ತು ಅಂದರೆ ಆ ಗೊಂದಲವೇ ಇಲ್ಲ.
— ಒಬ್ಬ ಅಜ್ಜಿ, ಮೈಸೂರು

* * *

ಒಮ್ಮೆ ಕಣ್ಣು ತೋರಿಸಿ. ನಮ್ಮ ಮಗಳೂ ಪುಸ್ತಕ ತೆಗೆದರೆ ಅಳುತ್ತಿದ್ದಳು. ಸೋಮಾರಿ ಅಂತ ಬೈದೆವು. ಅವಳಿಗೆ ಕನ್ನಡಕ ಬೇಕಿತ್ತು.
— ಗೃಹಿಣಿ, ದಾವಣಗೆರೆ

* * *

ನಾನು ಯುಕೆಜಿ ಟೀಚರ್. ನಮ್ಮ ಕಡೆಯ ಮಾತನ್ನೂ ಕೇಳಿ. ಎರಡು ಪುಟ ಹೋಂವರ್ಕ್ ಕೊಡದಿದ್ದರೆ "ಏನೂ ಕಲಿಸಲ್ವಾ?" ಅಂತ ಪೋಷಕರೇ ಬರುತ್ತಾರೆ. ಕೊಟ್ಟರೆ ಮಕ್ಕಳು ಅಳುತ್ತಾರೆ. ನಿಮಗೆ ಕಷ್ಟ ಆಗುತ್ತಿದ್ದರೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ, "ಇವತ್ತು ಅರ್ಧ ಪುಟ ಮಾತ್ರ ಆಯಿತು" ಅಂತ. ನಾನಾದರೆ ಖಂಡಿತ ಒಪ್ಪುತ್ತೇನೆ. ಎಲ್ಲರೂ ಒಪ್ಪುತ್ತಾರೆ ಅಂತ ಹೇಳಲಾರೆ.

2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ, ಅರ್ಥ ಮಾಡಿಕೊಂಡು ಓದುವುದಕ್ಕೆ, ಸಣ್ಣ ಲೆಕ್ಕಕ್ಕೆ ಮೂರನೇ ತರಗತಿ ಮುಗಿಯುವವರೆಗೆ ಸಮಯ ಕೊಟ್ಟಿದೆ. ನಾವು ಯುಕೆಜಿಯಲ್ಲೇ ಮುಗಿಸಲು ಹೊರಟಿದ್ದೇವೆ. ಬಿ ಬದಲು ಡಿ ಬರೆದರೆ, ಮೂರನ್ನು ತಿರುಗಿಸಿ ಬರೆದರೆ ಹೆದರಬೇಡಿ. ಈ ವಯಸ್ಸಿನಲ್ಲಿ ಅದು ಮಾಮೂಲು.

ಹಾಗಂತ ಪೆನ್ಸಿಲ್ ಮುಟ್ಟಿಸುವುದೇ ಬೇಡ ಅನ್ನುವವರ ಮಾತನ್ನೂ ನಾನು ಒಪ್ಪಲ್ಲ. ಚಪಾತಿ ಹಿಟ್ಟು ಕಲಸಲಿ, ಬಟಾಣಿ ಸುಲಿಯಲಿ. ಬೆರಳಿಗೆ ಬಲ ಬರುತ್ತದೆ. ದಿನಕ್ಕೆ ಎರಡು ಸಾಲು ಬರೆಯಲಿ.
— ಹೆಸರು ಬೇಡ, ಬೆಂಗಳೂರು

* * *

ನಾನೂ ರಾತ್ರಿ ಎಂಟಕ್ಕೆ ಮನೆ ಸೇರುವ ಅಪ್ಪ. ರಾತ್ರಿ ಪಾಠ ನಡೆಯಲ್ಲ ಅಂತ ಗೊತ್ತಾದ ಮೇಲೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದೆ. ನಂದಿನಿ. ನಂ, ದಿ, ನಿ. ಪ್ಯಾಕೆಟ್ ಒಳಗೆ ತರುವುದು ಮಗನ ಕೆಲಸ, ಬೆರಳಿಟ್ಟು ಓದುವುದೂ ಅವನದೇ. ಮೊದಮೊದಲು ಸುಮ್ನೆ ಚಿತ್ರ ನೋಡಿದ ಹಾಗೆ ಹೇಳುತ್ತಿದ್ದ. ಒಂದು ದಿನ "ದಿ" ಮುಚ್ಚಿ ಹಿಡಿದೆ. "ನಂ... ನಿ" ಅಂದ, ನಕ್ಕ. ಆಮೇಲೆ ದಿನಾ ಒಂದು ಅಕ್ಷರ ಮುಚ್ಚುವುದೇ ಆಟ ಆಯಿತು. ಎಷ್ಟೋ ದಿನ ಹಾಲು ಒಲೆ ಮೇಲೆ ಹೋಗುವುದು ತಡವಾಗಿ ಬೈಸಿಕೊಂಡಿದ್ದೇವೆ.

ಮೊನ್ನೆ ಸ್ಕೂಟರಿನಲ್ಲಿ ಹೋಗುವಾಗ ಹಿಂದಿನಿಂದ ಬೆನ್ನು ತಟ್ಟಿದ. "ಅಪ್ಪಾ, ಅಲ್ಲಿ ನಂದಿನಿ ನಿ!" ರಸ್ತೆ ಬದಿಯ ಬೋರ್ಡು: ನಿಧಾನವಾಗಿ ಚಲಿಸಿ. ಗಾಡಿ ನಿಲ್ಲಿಸಿದೆ. ಮಿಕ್ಕಿದ್ದನ್ನು ಇಬ್ಬರೂ ಸೇರಿ ಓದಿದೆವು.
— ಒಬ್ಬ ತಂದೆ, ಹಾಸನ